ಮಾವನವರಿಗೆ ಕುಡಿಸಿದ ಅಮೆರಿಕದ ಹಣ್ಣು

ವೈದ್ಯಶಾಸ್ತ್ರ ಅಷ್ಟೇನೂ ಕಷ್ಟದ ವಿದ್ಯೆಯಲ್ಲ ಎಂದು ನಾನು ನಾಲ್ಕು ದಿನಗಳ ಕಾಲ ಪ್ರಾಮಾಣಿಕವಾಗಿ ನಂಬಿದ್ದೆ. ಮಂಗಳವಾರದಿಂದ ಶುಕ್ರವಾರದವರೆಗೆ. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಆ ನಂಬಿಕೆ ಹೋಯಿತು. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಎಲ್ಲಿಯೂ ನನ್ನ ಪರವಾಗಿ ಒಂದು ಪದ ಹೆಚ್ಚಿಗೆ ಹಾಕುವುದಿಲ್ಲ. ಹಾಕಿದರೂ ನನ್ನ ಹೆಂಡತಿ ಗಿರಿಜೆ ಓದಿ ಹೊಡೆದುಹಾಕುತ್ತಾಳೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಅಜ್ಜಂಪುರದ ರೈಲ್ವೆ ಸ್ಟೇಷನ್ನಿನಲ್ಲಿ ಬುಕಿಂಗ್ ಕ್ಲರ್ಕ್. ಒಂದು ರೈಲಿಗೂ ಇನ್ನೊಂದು ರೈಲಿಗೂ ನಡುವೆ ಆ ಸ್ಟೇಷನ್ನಿನಲ್ಲಿ ಒಬ್ಬ ಮನುಷ್ಯ ವಿದ್ವಾಂಸನಾಗುವಷ್ಟು ಬಿಡುವಿರುತ್ತಿತ್ತು. ಯಾರೋ ಪ್ರಯಾಣಿಕರು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಬಿಟ್ಟುಹೋಗಿದ್ದ ಒಂದು ಇಂಗ್ಲಿಷ್ ಮಾಸಪತ್ರಿಕೆ ನನ್ನ ಕೈಗೆ ಸಿಕ್ಕಿತು. ಅದರಲ್ಲಿ ಎರಡು ಪುಟದ ಅಗಲಕ್ಕೆ ಒಂದು ಬಣ್ಣದ ಚಿತ್ರ. ಅಮೆರಿಕದ ಒಬ್ಬ ರೈತ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದಾನೆ. ಅವನ ಸುತ್ತ ಕಣ್ಣು ಹರಿಯುವಷ್ಟು ದೂರ ನೀರಿನ ಮೇಲೆ ಕೆಂಪು ಹಣ್ಣುಗಳು ತೇಲುತ್ತಿವೆ. ಹಣ್ಣಿನದೇ ಒಂದು ಕೆರೆ! ಹಣ್ಣಿನ ಹೆಸರು ಕ್ರಾನ್‌ಬೆರಿ. ಮೇ ತಿಂಗಳ ಬಿಸಿಲಿನಲ್ಲಿ, ಹೂಜಿಯಲ್ಲಿ ಎರಡು ಲೋಟ ನೀರಿದ್ದ ಆಫೀಸಿನಲ್ಲಿ ಕುಳಿತು, ನಾನು ಆ ಚಿತ್ರವನ್ನು ಎಷ್ಟು ಹೊತ್ತು ನೋಡಿದೆನೆಂದರೆ ಬೀರೂರಿಗೆ ಟಿಕೆಟ್ ಕೇಳಿದ ಒಬ್ಬರು ಕಿಟಕಿಯ ಸರಳನ್ನು ಬಡಿಯಬೇಕಾಯಿತು.

ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಲೇಖನ ಓದಿದೆ. ಹಣ್ಣು ಚಿಕ್ಕದು, ಗಿಡ ಕುಳ್ಳು, ರುಚಿ ಬಲು ಹುಳಿ. ಹೊಟ್ಟೆಗೆ ಒಳ್ಳೆಯದು, ವಸಡಿಗೆ ಒಳ್ಳೆಯದು, ಎಲ್ಲಕ್ಕಿಂತ ಮೂತ್ರದ ತೊಂದರೆಗೆ ಬಹಳ ಒಳ್ಳೆಯದು ಎಂದು ಅಲ್ಲಿನ ಹೆಂಗಸರು ತಲೆತಲಾಂತರದಿಂದ ಇದರ ರಸ ಕುಡಿಯುತ್ತಾರಂತೆ. 'ಆದರೆ' ಎಂಬ ಪದದಿಂದ ಶುರುವಾದ ಕೊನೆಯ ಪ್ಯಾರಾ ಮುಂದಿನ ಪುಟಕ್ಕೆ ಹೋಗಿತ್ತು. ಮುಂದಿನ ಪುಟವನ್ನು ಯಾರೋ ಹರಿದುಕೊಂಡಿದ್ದರು. 'ಆದರೆ' ಆದಮೇಲೆ ಅಂಥಾದ್ದೇನು ಇದ್ದೀತು ಎಂದು ನಾನು ಪುಸ್ತಕ ಮುಚ್ಚಿದೆ.

ಅದೇ ದಿನ, ಸೋಮವಾರ ಸಂಜೆ, ಸಖರಾಯಪಟ್ಟಣದ ಕಡೆಯಿಂದ ನಮ್ಮ ಮಾವ, ಗಿರಿಜೆಯ ತಂದೆ ಹಾಲಪ್ಪನವರು, ಮನೆಗೆ ಬಂದರು. ಆರಡಿ ಎತ್ತರ, ಬಿಳಿ ಪೇಟ, ಹಣೆಯ ತುಂಬ ವಿಭೂತಿ. ಅರವತ್ತೆಂಟು ವರ್ಷದಲ್ಲಿ ಒಂದು ಮಾತ್ರೆ ನುಂಗಿದವರಲ್ಲ. ಅಂಥವರು ಒಳಗೆ ಬಂದು ಗೋಡೆ ಹಿಡಿದು ನಿಧಾನವಾಗಿ ಕುಳಿತರು.

"ಏನಾಯ್ತು ಅಪ್ಪಾಜಿ?" ಎಂದಳು ಗಿರಿಜೆ.

"ಏನಿಲ್ಲ ಕಣವ್ವ. ಒಸಿ ಉಷ್ಣ."

'ಉಷ್ಣ' ಎಂದರೆ ಏನೆಂದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಉರಿಮೂತ್ರ ಎಂದು ಬಾಯಿ ಬಿಟ್ಟು ಹೇಳುವ ಹಾಗಿಲ್ಲ. ಎರಡು ವಾರದಿಂದ ಇತ್ತಂತೆ. ಪಕ್ಕದ ಮನೆಯ ಗೌರಮ್ಮಜ್ಜಿ ಬಂದು, ಕೇಳುವುದಕ್ಕೂ ಮುಂಚೆ ಅವರ ಎರಡೂ ಕಾಲಿನ ಹೆಬ್ಬೆರಳಿಗೆ ಸುಣ್ಣ ಹಚ್ಚಿ ಹೋದಳು. ಆ ಗಂಭೀರ ಮನುಷ್ಯ ಎರಡು ಬಿಳಿ ಹೆಬ್ಬೆರಳುಗಳನ್ನು ಮುಂದಕ್ಕೆ ಚಾಚಿ ಕುಳಿತಿದ್ದನ್ನು ನೋಡಿ ಗಿರಿಜೆಯ ಕಣ್ಣು ತುಂಬಿತು.

"ರೀ, ಬೆಳಿಗ್ಗೆ ಬಸ್ಸಿಗೆ ತರೀಕೆರೆಗೆ ಕರ್ಕೊಂಡ್ ಹೋಗಣ. ಹೊಸದಾಗಿ ಒಬ್ರು ಡಾಕ್ಟರು ಬಂದವ್ರಂತೆ. ಎರಡು ವಾರ ಅಂದ್ರೆ ಆಟ ಅಲ್ಲ. ಮೈನೂ ಬೆಚ್ಚಗೈತೆ."

ಇಲ್ಲಿ ನಾನು ಬಾಯಿ ತೆರೆದೆ.

"ಡಾಕ್ಟರು ಯಾಕೆ? ಇದಕ್ಕೆ ಅಮೆರಿಕದಲ್ಲಿ ಒಂದು ಹಣ್ಣಿದೆ."

ಪತ್ರಿಕೆ ತಂದು ಓದಿದೆ. ಒಂದು ವಾಕ್ಯ ಇಂಗ್ಲಿಷಿನಲ್ಲಿ, ಒಂದು ವಾಕ್ಯ ಕನ್ನಡದಲ್ಲಿ. ಗಿರಿಜೆಯ ಮುಖ ಬಿಗಿಯಿತು. ಮಾವನವರ ಮುಖ ಅರಳಿತು. ಡಾಕ್ಟರ ಸೂಜಿ ತಪ್ಪುತ್ತದೆಂಬ ಆಸೆಯೇ ಆ ಮುಖವನ್ನು ಅರಳಿಸಿತೆಂದು ನನಗೆ ಆಮೇಲೆ ತಿಳಿಯಿತು. ಆಗ ನನ್ನ ಇಂಗ್ಲಿಷು ಎಂದುಕೊಂಡಿದ್ದೆ.

"ಅಮೇರಿಕ ಹಣ್ಣು ಅಜ್ಜಂಪುರದಾಗೆ ಎಲ್ ಸಿಗ್ತದ್ರೀ?" ಎಂದಳು ಗಿರಿಜೆ.

"ಕುಳ್ಳು ಗಿಡ, ಚಿಕ್ಕ ಹಣ್ಣು, ಹುಳಿ ರುಚಿ, ಕೆಂಪು ಬಣ್ಣ. ನಮ್ಮ ಕವಳೆ ಹಣ್ಣಲ್ಲದೆ ಇನ್ನೇನದು?"

"ಕವಳೆ ಹಣ್ಣು ಕಳಿತರೆ ಕರ್ರಗಾಗ್ತದೆ."

"ಅದು ದೇಶಭೇದ," ಎಂದೆ.

ಮಾವನವರು ಗಂಟಲು ಸರಿಮಾಡಿಕೊಂಡರು. "ಅಳಿಯಂದ್ರು ಓದಿದೋರು. ನೋಡನ ಬಿಡವ್ವ. ನಾಕ್ ದಿನ."

ಮಂಗಳವಾರದ ಬಸ್ಸು ನಮ್ಮನ್ನು ಬಿಟ್ಟು ಹೋಯಿತು.

ಅಂದು ಮಧ್ಯಾಹ್ನ ಡ್ಯೂಟಿ ಮುಗಿದ ಕೂಡಲೇ, ಬಿಳಿ ಯೂನಿಫಾರ್ಮಿನಲ್ಲೇ, ಕೈಚೀಲ ಹಿಡಿದು ಊರಾಚೆಯ ಕಾವಲಿಗೆ ಹೋದೆ. ಅದು ಅಮೃತಮಹಲ್ ದನಗಳು ಮೇಯುವ ಬಯಲು. ಆ ದನಗಳಿಗೆ ಪರಿಚಯವಿಲ್ಲದ ಮನುಷ್ಯರನ್ನು ಕಂಡರೆ ಆಗುವುದಿಲ್ಲ ಎಂಬುದು ಊರಿನ ಕೂಸಿಗೂ ಗೊತ್ತು. ನಾನು ಊರಿನವನಲ್ಲ, ವರ್ಗವಾಗಿ ಬಂದವನು. ಕವಳೆಯ ಪೊದೆ ಕಂಡಿತು. ಹಣ್ಣು ಗೊಂಚಲು ಗೊಂಚಲಾಗಿ ತೂಗುತ್ತಿತ್ತು. ಹಸಿರು, ಕೆಂಪು, ಕಪ್ಪು. ಹತ್ತು ಹಣ್ಣು ಕಿತ್ತಿರಬಹುದು. ಹಿಂದಿನಿಂದ ಯಾರೋ ದೀರ್ಘವಾಗಿ ಉಸಿರು ಬಿಟ್ಟಂತಾಯಿತು.

ತಿರುಗಿದೆ. ಒಂದು ಹಸು. ನನಗೂ ಅದಕ್ಕೂ ನಡುವೆ ನಾಲ್ಕು ಮಾರು. ಬೂದು ಮೈ, ಹೊಳೆಯುವ ಕಣ್ಣು, ಹಣೆಯಿಂದ ಹಿಂದಕ್ಕೆ ಬಾಗಿ ಆಕಾಶಕ್ಕೆ ಎದ್ದ ಎರಡು ಕೊಂಬು, ತುದಿ ಸೂಜಿಯ ಹಾಗೆ. ಅಷ್ಟು ಸುಂದರವಾದ ಕೊಂಬುಗಳನ್ನು ಅಷ್ಟು ಹತ್ತಿರದಿಂದ ಯಾರೂ ನೋಡಬಾರದು.

ದೂರದಿಂದ ದನ ಕಾಯುವವನು ಕೂಗಿದ: "ಸ್ವಾಮೇರಾ! ಓಡ್‌ಬ್ಯಾಡಿ! ಓಡಿದ್ರೆ ಅಟ್ಟಿಸ್ಕಂಡ್ ಬತ್ತದೆ!"

ನಾನು ಓಡಲಿಲ್ಲ. ನೇರವಾಗಿ ಪೊದೆಯ ಒಳಗೆ ಹೋದೆ.

ಕವಳೆಯ ಮುಳ್ಳು ಒಂಟಿಯಾಗಿ ಇರುವುದಿಲ್ಲ, ಜೋಡಿಯಾಗಿ ಇರುತ್ತದೆ. ಈ ವಿಷಯವನ್ನು ನಾನು ಬೆನ್ನಿನಿಂದ ಕಲಿತೆ. ಕಾಯಿ ಮುರಿದಲ್ಲೆಲ್ಲ ಬಿಳಿ ಹಾಲು ಸುರಿದು ಬೆರಳು ಬೆರಳಿಗೆ, ಕೂದಲು ಕೊಂಬೆಗೆ ಅಂಟಿತು. ಹಸು ಕದಲದೆ ನನ್ನನ್ನೇ ನೋಡುತ್ತಿತ್ತು. ನಾನೂ ಅದನ್ನೇ ನೋಡುತ್ತಿದ್ದೆ. ಭಯಕ್ಕಿಂತ ಆಚೆ ಒಂದು ಸ್ಥಿತಿ ಇದೆ. ಅಲ್ಲಿ ಕೈ ಮುಗಿಯಬೇಕು ಎನ್ನಿಸುತ್ತದೆ. ಮುಗಿಯೋಣವೆಂದರೆ ಒಂದು ಕೈ ಕೊಂಬೆಗೆ ಅಂಟಿತ್ತು!

ದನ ಕಾಯುವವನು ಬಂದು ಹಸುವಿನ ಹೆಸರು ಹಿಡಿದು ಕರೆದ. ಅದು ಮಗುವಿನ ಹಾಗೆ ತಿರುಗಿ ಹೋಯಿತು. ಅವನು ನನ್ನನ್ನು ಪೊದೆಯಿಂದ ಬಿಡಿಸುತ್ತ ಕೇಳಿದ: "ಏನಕ್ಕೆ ಬಂದಿದ್ರಿ ಸ್ವಾಮಿ?"

"ಕವಳೆ ಹಣ್ಣಿಗೆ."

"ಅಯ್ಯೋ ಶಿವನೇ! ಬಸ್‌ಸ್ಟಾಂಡಿನ್‌ತಾವ ಹೆಂಗಸ್ರು ಪುಟ್ಟಿಗಟ್ಲೆ ಇಟ್ಕಂಡು ಕೂತವ್ರಲ್ಲ!"

ಬಸ್‌ಸ್ಟಾಂಡಿನಲ್ಲಿ ಎರಡು ಸೇರು ಕೊಂಡು ಮನೆಗೆ ಹೋದೆ. ಗಿರಿಜೆ ನನ್ನ ಅಂಗಿಯ ಬೆನ್ನನ್ನು ನೋಡಿದಳು. ಏನೂ ಕೇಳಲಿಲ್ಲ. ಅವಳು ಕೇಳದಿದ್ದಾಗ ನಾನು ಹೆಚ್ಚು ಹೆದರುತ್ತೇನೆ.

ಹಣ್ಣು ಕಿವುಚಿ, ಬೆಲ್ಲ ಹಾಕಿ, ಕುದಿಸಿ, ಸೋಸಿ, ದೊಡ್ಡ ಲೋಟದಲ್ಲಿ ಮಾವನವರ ಮುಂದೆ ಹಿಡಿದೆ. ಅವರು ಒಂದು ಗುಟುಕು ಕುಡಿದರು. ಕಣ್ಣು ಮುಚ್ಚಿದರು. ಪೇಟ ಒಂದು ಸಲ ಹಿಂದಕ್ಕೂ ಒಂದು ಸಲ ಮುಂದಕ್ಕೂ ಸರಿಯಿತು. ತೆರೆದ ಕಣ್ಣಿನಲ್ಲಿ ನೀರಿತ್ತು.

"ಬಾಳ ಚೆನ್ನಾಗೈತೆ ಅಳಿಯಂದ್ರೇ."

ನಮ್ಮವರಲ್ಲಿ ಅಳಿಯ ಕೈಯಾರೆ ಕೊಟ್ಟದ್ದನ್ನು ಮಾವ ಬೇಡ ಎನ್ನುವಂತಿಲ್ಲ. ಮಾವ ಚೆನ್ನಾಗಿದೆ ಎಂದ ಮೇಲೆ ಅಳಿಯ ಇನ್ನೊಂದು ಲೋಟ ತುಂಬಿಸದಿರುವಂತಿಲ್ಲ. ನಾನು ತುಂಬಿಸಿದೆ. ಅವರು ಕುಡಿದು ಮತ್ತೆ ಹೊಗಳಿದರು. ನಾನು ಮತ್ತೆ ತುಂಬಿಸಿದೆ. ಹೀಗೆ ಪರಸ್ಪರ ಮರ್ಯಾದೆಯಿಂದ ಮಂಗಳವಾರ ಮೂರು ಲೋಟ, ಬುಧವಾರ ಆರು ಲೋಟ ಅವರೊಳಗೆ ಹೋಯಿತು. ಪ್ರತಿ ಲೋಟದ ಹಿಂದೆ ಬಾಯಿ ಹುಳಿ ಹೋಗಲೆಂದು ಅವರು ಒಂದು ಚೊಂಬು ನೀರು ಕುಡಿಯುತ್ತಿದ್ದರು. ಬುಧವಾರ ಸಂಜೆ, "ಒಸಿ ತಂಪು ಅನ್ನಿಸ್ತದೆ," ಎಂದರು. ನಾನು ಗಿರಿಜೆಯ ಕಡೆ ನೋಡಿದೆ. ಅವಳು ತಂದೆಯ ಹಣೆ ಮುಟ್ಟಿ, "ಮೈಯಿನ್ನೂ ಬೆಚ್ಚಗೇ ಐತೆ," ಎಂದಳು.

ಗುರುವಾರ ಬೆಳಿಗ್ಗೆ ಮಾವನವರು, "ಪುಸ್ತಕದಾಗಿನ ಪಟ ಒಂದ್ಸಾರಿ ತೋರ್ಸಿ," ಎಂದರು. ತೋರಿಸಿದೆ. ಆ ಕೆಂಪು ಕೆರೆಯನ್ನು ಅವರೂ ನನ್ನಂತೆಯೇ ಉಸಿರು ಬಿಗಿಹಿಡಿದು ನೋಡಿದರು. ಆಮೇಲೆ ಲೋಟದೊಳಗೆ ನೋಡಿದರು. ಬೆಲ್ಲ ಸೇರಿದ ನನ್ನ ರಸ, ಮೊದಲ ಮಳೆಗೆ ಹರಿದ ಚರಂಡಿಯ ಬಣ್ಣಕ್ಕೆ ತಿರುಗಿತ್ತು.

"ಅವರ್ದು ಕೆಂಪಗೈತೆ. ನಮ್ದು ಹಿಂಗೈತಲ್ಲ ಅಳಿಯಂದ್ರೇ? ಶಕ್ತಿ ಕಮ್ಮಿಯೇನೋ!"

ಆ ಮಾತು ನನಗೆ ಕವಳೆಯ ಮುಳ್ಳಿಗಿಂತ ಆಳಕ್ಕೆ ಹೋಯಿತು. ರೋಗಿಗೆ ಔಷಧದ ಮೇಲೆ ನಂಬಿಕೆ ಹೋದರೆ ವೈದ್ಯನ ಕರ್ತವ್ಯವೇನು? ಬಣ್ಣ ಸರಿಮಾಡುವುದು. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ತರಕಾರಿ ಅಂಗಡಿಯಿಂದ ಒಂದು ಕೆ.ಜಿ. ಬೀಟ್‌ರೂಟ್ ತೆಗೆದುಕೊಂಡೆ. ಬುಕಿಂಗ್ ಆಫೀಸಿನ ಬಾಗಿಲು ಓರೆ ಮಾಡಿ, ಎರಡು ರೈಲಿನ ನಡುವೆ, ಎಲ್ಲವನ್ನೂ ತುರಿದು ಕರವಸ್ತ್ರದಲ್ಲಿ ಹಿಂಡಿದೆ. ಅಷ್ಟರಲ್ಲಿ ಒಬ್ಬಾತ ಕಿಟಕಿಗೆ ಬಂದು ಚಿಕ್ಕಜಾಜೂರಿಗೆ ಟಿಕೆಟ್ ಕೇಳಿದ. ತಾರೀಕು ಒತ್ತಿ ಕೊಟ್ಟೆ. ಅವನು ಟಿಕೆಟ್ಟನ್ನು ನೋಡಿದ, ಅದರ ಮೇಲಿನ ಕೆಂಪು ಹೆಬ್ಬೆಟ್ಟನ್ನು ನೋಡಿದ, ನನ್ನ ಮೊಣಕೈವರೆಗಿನ ಕೆಂಪನ್ನು ನೋಡಿದ. ಚಿಲ್ಲರೆ ಬಿಟ್ಟು ಹೋದ!

ಅಂದು ಸಂಜೆಯ ಲೋಟ ನೋಡಬೇಕಿತ್ತು. ಮಾಣಿಕ್ಯ! ಕಿಟಕಿಯ ಬಿಸಿಲಿಗೆ ಹಿಡಿದರೆ ಗೋಡೆಯ ಮೇಲೆ ಕೆಂಪು ನೆರಳು ಬೀಳುತ್ತಿತ್ತು. ನಾನೇ ಬೆರೆಸಿದ್ದೆ, ಆದರೂ ನೋಡುತ್ತ ನಿಂತರೆ ನನಗೇ ಭಕ್ತಿ ಬಂತು.

"ಈಗ ನೋಡಿ, ಈಗ ಸರಿಯಾಯ್ತು," ಎಂದರು ಮಾವನವರು. ಅಂದು ಎರಡು ಲೋಟ, ಶುಕ್ರವಾರ ಬೆಳಿಗ್ಗೆ ಬರಿಹೊಟ್ಟೆಗೆ ಎರಡು ಲೋಟ ಕುಡಿದರು.

ಗಂಟೆ ಹತ್ತು. ಮಾವನವರು ಹಿತ್ತಲಿಗೆ ಹೋದರು. ಬಹಳ ಹೊತ್ತಾದ ಮೇಲೆ ಬಂದು, ಬಾಗಿಲಲ್ಲೇ ನಿಂತು, ತಗ್ಗಿದ ದನಿಯಲ್ಲಿ ಕರೆದರು.

"ಅಳಿಯಂದ್ರೇ. ಒಸಿ ಬತ್ತೀರಾ."

ಹೋದೆ. ಬಚ್ಚಲಿನ ಬಿಳಿ ಕಲ್ಲು. ಅದರ ಮೇಲೆ, ನಾನು ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ, ಅಮೆರಿಕದ ಕೆರೆಯ ಬಣ್ಣ. ಅಷ್ಟೇ ಕೆಂಪು, ಅಷ್ಟೇ ಹೊಳಪು. ನಾನು ಗೋಡೆ ಹಿಡಿದೆ. ಬಾಯಿ ಮಾತ್ರ, ಅದಕ್ಕೆ ನಾಚಿಕೆಯಿಲ್ಲವಲ್ಲ, ತಾನೇ ಮಾತಾಡಿತು: "ಒಳಗಿನ ಕೆಟ್ಟದ್ದೆಲ್ಲ ಹೊರಕ್ಕೆ ಬರ್ತಾ ಇದೆ ಮಾವ."

ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. ಬೈಯಲಿಲ್ಲ. ಅದೇ ನನ್ನನ್ನು ಕೊಂದದ್ದು.

"ಇರ್ಲಿ ಬಿಡಿ. ನೀವು ಒಳ್ಳೇದಕ್ಕೇ ಮಾಡಿದ್ರಿ. ಗಿರಿಜಂಗೆ ಈಗ್ಲೇ ಹೇಳ್‌ಬ್ಯಾಡಿ. ನಮ್ಮ ಕೆಂದ ಹಸ ಅವಳ ಮಾತು ಬಿಟ್ಟು ಬೇರೆಯವರ ಮಾತು ಕೇಳಲ್ಲ. ಅದು ಅವಳಿಗಿರ್ಲಿ. ಹೊಂಡದ ಪಕ್ಕದ ತೆಂಗಿನ ಸಾಲಿಗೆ ನೀರು ತಪ್ಪಿಸ್‌ಬ್ಯಾಡಿ…"

"ಯಾವ ಹಸ ಯಾರಿಗಿರ್ಲಿ?" ಹಿಂದೆ ಗಿರಿಜೆ ನಿಂತಿದ್ದಳು. ನಮ್ಮಿಬ್ಬರ ನಡುವಿನಿಂದ ಬಗ್ಗಿ ಬಚ್ಚಲಿನ ಕಲ್ಲು ನೋಡಿದಳು. ಕಿರಿಚಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, "ರೀ, ಸ್ಟೇಷನ್ನಿಗೆ ರಜಾ ಚೀಟಿ ಕಳ್ಸಿ. ಅಪ್ಪಾಜಿ, ಪೇಟ ಕಟ್ಕಳ್ಳಿ," ಎಂದಳು. ಹತ್ತೇ ನಿಮಿಷದಲ್ಲಿ ನಾವು ಮೂವರೂ ತರೀಕೆರೆ ಬಸ್ಸಿನಲ್ಲಿದ್ದೆವು.

ನಾಲ್ಕು ದಿನ ಕುಡಿದ ರಸ, ಅದರ ಹಿಂದಿನ ನೀರು. ದಾರಿಯಲ್ಲಿ ಬಸ್ಸು ಮೂರು ಸಲ ನಿಲ್ಲಬೇಕಾಯಿತು. ಮೊದಲ ಸಲ ಕಂಡಕ್ಟರು, "ಬೇಗ ಬೇಗ!" ಎಂದು ಗದರಿದ. ಎರಡನೆಯ ಸಲ, "ಏನ್ರೀ ಇದು, ಹೆಜ್ಜೆಹೆಜ್ಜೆಗೂ!" ಎನ್ನುತ್ತ ನಮ್ಮ ಹಿಂದೆಯೇ ಇಳಿದು ಬಂದ. ಬಂದವನು ನೋಡಿದ. ಸೀಟಿ ಬಾಯಿಂದ ಜಾರಿ ಕೊರಳಿನ ದಾರಕ್ಕೆ ಬಿತ್ತು. ಬಸ್ಸಿಗೆ ಹತ್ತಿ ಅವನು ಡ್ರೈವರಿಗೆ ಏನು ಹೇಳಿದನೋ, ಡ್ರೈವರು ಮುಂದಿನವರಿಗೆ ಏನು ಹೇಳಿದನೋ. ಮೂರನೆಯ ಸಲ ನಾವು ಇಳಿದು ಹತ್ತುವಷ್ಟರಲ್ಲಿ ಇಡೀ ಬಸ್ಸು ಎದ್ದು ನಿಂತು ಮಾವನವರಿಗೆ ದಾರಿ ಬಿಟ್ಟಿತ್ತು. ಒಬ್ಬ ಅಜ್ಜಿ ಅವರ ಕೈ ಹಿಡಿದು, "ಎಂಥಾ ಗಟ್ಟಿ ಜೀವ ನಿಮ್ದು ಯಜಮಾನ್ರೇ, ಒಂದು ಹನಿ ಕಣ್ಣೀರಿಲ್ಲ!" ಎಂದಳು. ಕಣ್ಣೀರು ನನ್ನಲ್ಲಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ಗಿರಿಜೆ ಕಿಟಕಿಯ ಹೊರಗೆ ನೋಡುತ್ತ ಒಂದೇ ಮಾತು ಆಡಿದಳು: "ಸೋಮವಾರವೇ ಹೇಳಿದ್ದೆ."

ತರೀಕೆರೆಯ ಡಾಕ್ಟರು ಒಬ್ಬ ಹೆಣ್ಣುಮಗಳು. ಮೂವತ್ತು ವರ್ಷವಿರಬಹುದು. ಮಾವನವರು ಆಕೆಯನ್ನು ಕಂಡದ್ದೇ ಬಾಗಿಲಲ್ಲಿ ನೆಟ್ಟಗೆ ನಿಂತರು.

"ಏನಾಗಿದೆ ಯಜಮಾನರೇ?"

"ನಂಗೇನಿಲ್ಲ ತಾಯಿ. ನಮ್ಮ ಅಳಿಯಂದ್ರಿಗೆ ಒಸಿ ಹುಷಾರಿಲ್ಲ."

ಡಾಕ್ಟರು ನನ್ನ ಕಡೆ ತಿರುಗಿದರು. "ಏನು ತೊಂದರೆ ನಿಮಗೆ?"

ಹತ್ತು ಜನರೆದುರು ಮಾವನ ಮಾತನ್ನು ಸುಳ್ಳು ಮಾಡುವ ಅಳಿಯ ನಮ್ಮ ವಂಶದಲ್ಲಿ ಹುಟ್ಟಿಲ್ಲ. "ಉಷ್ಣ," ಎಂದೆ.

"ಎಷ್ಟು ದಿನದಿಂದ?"

"ಎರಡು ವಾರ ಅಂತೆ."

"ಅಂತೆ?"

"ಇಬ್ರೂ ಬಾಯ್ ಮುಚ್ಕಳಿ!" ಎಂದಳು ಗಿರಿಜೆ. ತಂದೆಯ ಮುಂದೆ ಅವಳು ದನಿ ಎತ್ತಿದ್ದನ್ನು ಕಂಡದ್ದು ಅದೇ ಮೊದಲು. ನಾವು ಮುಚ್ಚಿದೆವು. ಅವಳು ಎಲ್ಲವನ್ನೂ ಹೇಳಿದಳು: ಎರಡು ವಾರದ ಉರಿ, ಸುಣ್ಣ, ಬೆಚ್ಚಗಿನ ಮೈ, ಅಮೆರಿಕದ ಹಣ್ಣು, ಇವತ್ತಿನ ರಕ್ತ. ಡಾಕ್ಟರು ಒಂದು ಸೀಸೆ ಕೊಟ್ಟರು. ತುಂಬಿ ಬಂದ ಸೀಸೆಯನ್ನು ಬೆಳಕಿಗೆ ಹಿಡಿದರು. ಹುಬ್ಬು ಗಂಟಾಯಿತು. ಒಳಗೆ ಹೋಗಿ ಬಹಳ ಹೊತ್ತು ಪರೀಕ್ಷೆ ಮಾಡಿ ಬಂದರು.

"ಇದರಲ್ಲಿ ರಕ್ತ ಇಲ್ಲ. ಕವಳೆ ಹಣ್ಣಿಗೆ ಈ ಬಣ್ಣ ಬರಲ್ಲ. ಬೇರೆ ಏನು ಕೊಟ್ಟಿದ್ದೀರಿ?"

ಗಿರಿಜೆ, "ಬೇರೇನೂ ಇಲ್ಲ," ಎಂದಳು. ಮಾವನವರು, "ಏನೂ ಇಲ್ಲ ತಾಯಿ," ಎಂದರು. ಆಮೇಲೆ ಇಬ್ಬರೂ ನಿಧಾನವಾಗಿ ನನ್ನ ಕಡೆ ತಿರುಗಿದರು. ಡಾಕ್ಟರೂ ತಿರುಗಿದರು. ಬೆಂಚಿನ ಮೇಲೆ ಕುಳಿತಿದ್ದ ರೋಗಿಗಳೂ ತಿರುಗಿದರು.

"ಸ್ವಲ್ಪ ಬೀಟ್‌ರೂಟ್," ಎಂದೆ.

"ಸ್ವಲ್ಪ ಅಂದರೆ?"

"ಒಂದು ಕೆ.ಜಿ."

ಮೊದಲು ನಕ್ಕವರು ಮಾವನವರು. ಗೋಡೆ ಹಿಡಿದು, ಪೇಟ ತೆಗೆದು, ಮುಖ ಒರೆಸಿಕೊಂಡು ನಕ್ಕರು. "ಅಯ್ಯೋ ನನ್ನಪ್ಪನೇ, ನಾನು ಹಸ ಹಂಚಿಬಿಟ್ನಲ್ಲ!"

ಡಾಕ್ಟರು ನಗಲಿಲ್ಲ. "ಕೆಲವರಿಗೆ ಬೀಟ್‌ರೂಟ್ ತಿಂದರೆ ಹೀಗೆ ಆಗುತ್ತೆ. ಅದು ಭಯ ಅಲ್ಲ. ಭಯ ಬೇರೆ ಇದೆ. ಬನ್ನಿ ಇಲ್ಲಿ," ಎಂದು ನನ್ನೊಬ್ಬನನ್ನೇ ಒಳಗೆ ಕರೆದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಕಣ್ಣಿಟ್ಟೆ. ಮೊದಲು ಬರೀ ಬೆಳಕು. ಆಮೇಲೆ ಆ ಬೆಳಕಿನಲ್ಲಿ ಗುಂಡುಗುಂಡಾದ ಚುಕ್ಕೆಗಳು. ಹತ್ತಲ್ಲ, ನೂರಲ್ಲ. ನೋಡಿದಷ್ಟೂ ಚುಕ್ಕೆ. ಒಂದು ಹನಿಯೊಳಗೆ ಒಂದು ಇಡೀ ಲೋಕ.

"ಅದೆಲ್ಲ ಕೀವು. ಒಳಗೆ ಸೋಂಕು ಬಲವಾಗಿದೆ. ನಾಲ್ಕು ದಿನ ನೀವು ಶರಬತ್ತು ಕುಡಿಸಿ ಸಾಕಿದ್ದು ಇದನ್ನೇ. ಜ್ವರ ಶುರುವಾಗಿದೆ. ಇನ್ನೊಂದು ವಾರ ಬಿಟ್ಟಿದ್ದರೆ ಕಿಡ್ನಿಗೆ ಏರುತ್ತಿತ್ತು. ಆಮೇಲೆ ನನ್ನ ಕೈಲೂ ಆಗುತ್ತಿರಲಿಲ್ಲ."

"ಪತ್ರಿಕೆಯಲ್ಲಿ…" ಎಂದೆ.

"ಆ ಹಣ್ಣೇ ಬೇರೆ, ಈ ಹಣ್ಣೇ ಬೇರೆ. ಅದನ್ನ ದಿನಾ ಕುಡಿದರೆ ಕೆಲವರಿಗೆ ಈ ತೊಂದರೆ ಮತ್ತೆ ಮತ್ತೆ ಬರೋದು ಕಡಿಮೆ ಆಗಬಹುದು ಅಂತಾರೆ. ಬಂದುಬಿಟ್ಟ ಮೇಲೆ ಅದು ವಾಸಿ ಮಾಡಲ್ಲ. ಅದಕ್ಕೆ ಔಷಧ ಬೇಕು. ಅವರಿಗೆ ತಂಪು ಅನ್ನಿಸಿದ್ದು ನೀರು ಕುಡಿದಿದ್ದಕ್ಕೆ."

ಹರಿದ ಪುಟದಲ್ಲಿ 'ಆದರೆ' ಆದಮೇಲೆ ಇದ್ದದ್ದೂ ಇಷ್ಟೇ ಇರಬೇಕು.

ಹೊರಗೆ ಗಿರಿಜೆ ತಂದೆಯ ಪಕ್ಕ ಕುಳಿತಿದ್ದಳು, ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು. ಕಿಡ್ನಿಯ ಮಾತು ಅವಳ ಕಿವಿಗೂ ಬಿದ್ದಿತ್ತು. ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ. ಬರೀ ಹೆದರಿಕೆಯಿತ್ತು.

ಮಾವನವರು ಜೀವಮಾನದ ಮೊದಲ ಸೂಜಿ ಚುಚ್ಚಿಸಿಕೊಂಡರು. ಹತ್ತು ದಿನ ನಮ್ಮ ಮನೆಯಲ್ಲೇ ಇದ್ದು ಮಾತ್ರೆ ನುಂಗಿದರು. ಅದನ್ನು ಗಿರಿಜೆಯೇ ಕೊಡುತ್ತಿದ್ದಳು. ನನ್ನ ಕೈಯಿಂದ ನೀರಿನ ಲೋಟವನ್ನೂ ಅವರ ಹತ್ತಿರ ಬಿಡುತ್ತಿರಲಿಲ್ಲ. ಹನ್ನೊಂದನೆಯ ದಿನ ಅವರು ಆರಡಿ ಎತ್ತರವಾಗಿ, ಗೋಡೆ ಹಿಡಿಯದೆ, ಊರಿಗೆ ಹೊರಟರು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಒಂದ್ ಮಾತು ಅಳಿಯಂದ್ರೇ. ಆ ರಸ ಬಾಯಿಗಿಡಂಗಿರ್ಲಿಲ್ಲ," ಎಂದರು. ಹದಿಮೂರು ಲೋಟ ಕುಡಿದವರ ಮಾತು. ತಲೆ ಬಾಗಿಸಿ ಒಪ್ಪಿಕೊಂಡೆ.

ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸಖರಾಯಪಟ್ಟಣದಲ್ಲಿ ಕುಳಿತು, ಒಬ್ಬ ಹೆಣ್ಣುಮಗಳ ಮುಂದೆ ಸೂಜಿ ಚುಚ್ಚಿಸಿಕೊಂಡೆ ಎಂದು ಮಾವನವರು ಯಾರ ಹತ್ತಿರ ಹೇಳಿಯಾರು? ವಾಸಿಯಾದದ್ದು ಹೇಗೆ ಎಂದು ಕೇಳಿದವರಿಗೆಲ್ಲ, "ನಮ್ಮ ಅಳಿಯಂದ್ರದ್ದು ಒಂದ್ ಅಮೇರಿಕ ಔಷಧಿ ಐತೆ. ಕೆಟ್ಟದ್ನೆಲ್ಲ ಕೆಂಪಗೆ ಹೊರಕ್ಕೆ ಹಾಕ್ಬಿಡ್ತದೆ," ಎಂದು ಗಾಂಭೀರ್ಯದಿಂದ ಹೇಳಿಬಿಟ್ಟರು. ಅದನ್ನು ಕಣ್ಣಾರೆ ಕಂಡ ಒಂದು ಬಸ್ಸಿನ ಜನ ಸಾಕ್ಷಿಗೆ ಇದ್ದರು. ಮುಂದಿನ ತಿಂಗಳಿನಿಂದ ಕಡೂರು, ಎಮ್ಮೆದೊಡ್ಡಿ, ಎಲ್ಲೆಲ್ಲಿಂದಲೋ ಜನ ರೈಲು ಹತ್ತಿ ಅಜ್ಜಂಪುರದಲ್ಲಿ ಇಳಿಯತೊಡಗಿದರು. ಇಳಿದವರು ಊರೊಳಗೆ ಹೋಗದೆ ನೇರ ನನ್ನ ಕಿಟಕಿಗೆ ಬಂದು, ಅತ್ತಿತ್ತ ನೋಡಿ, ಸರಳಿನ ನಡುವೆ ಮೂಗು ತೂರಿಸಿ ಪಿಸುಗುಡುತ್ತಿದ್ದರು: "ಸ್ವಾಮಿ, ಒಸಿ ಉಷ್ಣ…"

ಪ್ರತಿಯೊಬ್ಬರಿಗೂ ಒಂದೇ ಉತ್ತರ ಕೊಟ್ಟೆ: "ಹೊರಗೆ ಎಡಕ್ಕೆ ಹೋದರೆ ಬಸ್‌ಸ್ಟಾಂಡು. ತರೀಕೆರೆ ಬಸ್ಸು ಈಗ ಬರುತ್ತೆ. ಡಾಕ್ಟರಮ್ಮ ಇದ್ದಾರೆ. ಹೋಗಿ." ರೈಲ್ವೆಯ ಸಂಬಳ ತಿನ್ನುತ್ತ, ರೈಲಿನಲ್ಲಿ ಬಂದ ಪ್ರಯಾಣಿಕರನ್ನು ಬಸ್ಸಿಗೆ ಹತ್ತಿಸಿ ಕಳಿಸುತ್ತಿದ್ದ ಬುಕಿಂಗ್ ಕ್ಲರ್ಕ್ ಈ ಲೈನಿನಲ್ಲೆಲ್ಲ ನಾನೊಬ್ಬನೇ ಇದ್ದಿರಬೇಕು. ನನ್ನ ವೈದ್ಯವೃತ್ತಿಯಲ್ಲಿ ಯಾರಾದರೂ ಗುಣವಾಗಿದ್ದರೆ, ಅವರು ಇವರೇ.